ಬಾದಾಮಿ ದವಾಖಾನೆಯಲ್ಲಿ ಒಂದು ಅಲ್ಪವಿರಾಮ

ಹುನಗುಂದದ ಶೈಲಾ ಬಾಗಲಕೋಟೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಅವಳು ಆರಿಸಿಕೊಂಡ ಐಚ್ಛಿಕ ವಿಷಯಗಳು ಎರಡು: ಸ್ಪ್ಯಾನಿಷ್ ಭಾಷೆಯ ಎರಡನೇ ಹಂತ ಮತ್ತು ರಂಗಭೂಮಿ ಪರಿಚಯ. ಎರಡರಲ್ಲೂ ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕು, ಅವಳಿಗೆ ಅದೇ ಭಯ. ಹೋದ ವಾರದ ಸ್ಪ್ಯಾನಿಷ್ ಮೌಖಿಕ ಪರೀಕ್ಷೆಯಲ್ಲಿ ತನ್ನ ಊರಿನ ಬಗ್ಗೆ ಹೇಳು ಅಂದಾಗ ಊರಿನ ಹೆಸರಷ್ಟೇ ಹೊರಬಂದಿತ್ತು.

ಆ ದಿನ ರಂಗಭೂಮಿಯ ವಿದ್ಯಾರ್ಥಿಗಳನ್ನು ಜಯಶ್ರೀ ಮೇಡಂ ತಾಲೀಮಿಗೆಂದು ಬಾದಾಮಿಗೆ ಕರೆತಂದಿದ್ದರು. ಹೊಂಡದ ಮೆಟ್ಟಿಲ ಮೇಲೆ ಶೈಲಾ ತನ್ನ ಸರದಿಗೆ ಹೆದರುತ್ತಾ ನಿಂತಿದ್ದಾಗಲೇ ಕಿರುಚಾಟ ಕೇಳಿತು. ವಿದೇಶಿ ಮುದುಕಿಯೊಬ್ಬಳ ಚೀಲಕ್ಕೆ ಮಂಗ ಕೈ ಹಾಕಿತ್ತು. ಆಕೆ ಬಿಡಲಿಲ್ಲ, ಮಂಗ ಅಂಗೈ ಕಚ್ಚಿ ಓಡಿತು. ಆಕೆಯ ಗುಂಪು, ಗೈಡ್ ಎಲ್ಲರೂ ಗುಡ್ಡ ಹತ್ತಿ ಹೋಗಿದ್ದರು. ಮೊಣಕಾಲು ನೋವೆಂದು ಆಕೆಯೊಬ್ಬಳೇ ಕೆಳಗೆ ಉಳಿದಿದ್ದಳು. ಕೊರಳ ಗುರುತಿನ ಚೀಟಿಯಲ್ಲಿ ಹೆಸರು ಪಿಲಾರ್, ದೇಶ ಮೆಕ್ಸಿಕೋ ಎಂದಿತ್ತು. ಇಂಗ್ಲಿಷ್ ಬಾರದು, ಆಡುವುದು ಸ್ಪ್ಯಾನಿಷ್ ಮಾತ್ರ.

“ಶೈಲಾ, ನೀ ಸ್ಪ್ಯಾನಿಷ್ ಕಲಿತೀಯಲ್ಲ, ಇವರ ಜೋಡಿ ದವಾಖಾನಿಗೆ ನಡಿ,” ಅಂದರು ಮೇಡಂ.

“ನನಗ ಅಷ್ಟು ಬರಂಗಿಲ್ರೀ...”

“ಇಲ್ಲಿ ಉಳಿದಾವ್ರಿಗೆ ಅಷ್ಟೂ ಬರಂಗಿಲ್ಲ.”

ದವಾಖಾನೆಯಲ್ಲಿ ನರ್ಸ್ ಗಾಯ ತೊಳೆಯತೊಡಗಿದಳು. ವೈದ್ಯ ವಿಜಯಮಹಾಂತೇಶ ಅವರು ಶೈಲಾಳ ಕಡೆ ತಿರುಗಿದರು. “ಮಂಗ ಕಚ್ಚಿದ್ದಕ್ಕ ಇಂಜೆಕ್ಷನ್ ಹಾಕ್ತೇನಿ. ಗಾಯ ಕೀವು ಆಗಬಾರ್ದಂತ ಗುಳಗಿ ಬ್ಯಾರೆ ಕೊಡಬೇಕು. ಯಾವುದಾರ ಔಷಧ ಆಗಿಬರಂಗಿಲ್ಲೇನು, ಕೇಳವ್ವ.”

ಶೈಲಾ ತಡವರಿಸುತ್ತಾ, ಅಲರ್ಜಿ ಇದೆಯೇ ಎಂದು ಕೇಳಿದಳು. ನೀರು ಗಾಯಕ್ಕೆ ತಾಗಿ ಪಿಲಾರ್ ನರಳಿದಳು. “ನೋ...” ಅಂದು ಹಲ್ಲು ಕಚ್ಚಿ, ಆಮೇಲೆ “ಪುಯೇದೋ ತೊಮಾರ್ ಪೆನಿಸಿಲೀನಾ” ಅಂದಳು.

ಶೈಲಾಳಿಗೆ ಎಲ್ಲ ಶಬ್ದವೂ ಗೊತ್ತಿತ್ತು. ‘ಇಲ್ಲ, ಪೆನ್ಸಿಲಿನ್ ತೊಗೋಬಹುದು.’ ಹೇಳಲು ಬಾಯಿ ತೆರೆದಳು. ಥಟ್ಟನೆ ಮತ್ತೆ ಮುಚ್ಚಿದಳು. ನಡುವೆ ಆ ತಡೆ ಇಲ್ಲದೆ ಒಟ್ಟಿಗೆ ಅಂದರೆ ಅದೇ ಮಾತು, ‘ನಾನು ಪೆನ್ಸಿಲಿನ್ ತೊಗೊಳ್ಳುವಂತಿಲ್ಲ’ ಎಂದಾಗುತ್ತದೆ. ಆಕೆ ತಡೆದದ್ದು ಮಾತಿಗೋ, ನೋವಿಗೋ?

“ಏನಂದ್ರು? ಕೊಡೂದೋ ಬ್ಯಾಡೋ?”

“ತಡೀರಿ ಸರ್.”

ಮತ್ತೆ ಕೇಳಿದಳು. ಪಿಲಾರ್ ಕಣ್ಣು ಮುಚ್ಚಿ ಸುಮ್ಮನೆ ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದರು.

ಅವಳು ಮುದುಕಿಯ ಭುಜ ಮುಟ್ಟಿ ಕಣ್ಣು ತೆರೆಸಿದಳು. ‘ಪೆನಿಸಿಲೀನಾ’ ಅನ್ನುತ್ತಾ ಇಲ್ಲದ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನುಂಗಿದಳು. ನಕ್ಕು, ಎದೆ ತಟ್ಟಿಕೊಂಡು, ಒಂದು ಬೆರಳು ತೋರಿಸಿದಳು. ಇನ್ನೊಮ್ಮೆ ನುಂಗಿದಳು. ಈ ಸಲ ಮೈ ಕೆರೆದುಕೊಂಡಳು, ಕತ್ತು ಹಿಡಿದು ಉಸಿರಿಗೆ ಒದ್ದಾಡಿದಳು, ಗೋಡೆಗೆ ಒರಗಿ ಕುಸಿದಳು. ಎರಡು ಬೆರಳು ತೋರಿಸಿದಳು.

“ದೋಸ್! ದೋಸ್!” ಪಿಲಾರ್ ಎದ್ದು ಕೂತು ಎರಡು ಬೆರಳೆತ್ತಿ, ತನ್ನ ಕತ್ತನ್ನೇ ಹಿಡಿದು ತೋರಿಸಿದಳು.

“ಪೆನ್ಸಿಲಿನ್ ಬ್ಯಾಡ್ರೀ ಸರ್! ಆಗಿಬರಂಗಿಲ್ಲ!”

ವೈದ್ಯರು ಬರೆಯುತ್ತಿದ್ದ ಔಷಧಿ ಹೊಡೆದುಹಾಕಿ ಬೇರೆ ಬರೆದರು. “ಛಲೋ ಆತವ್ವ. ಅದೇ ಜಾತಿ ಗುಳಗಿ ಕೊಡಾವಿದ್ದೆ.”

ಶೈಲಾ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಮೇಡಂ ನೀರಿನ ಬಾಟಲಿ ಕೊಟ್ಟರು.

“ಮೇಡಂ, ‘ಕೊಡ್ರಿ’ ಅನ್ನಾಕ ಬಾಯಿ ತೆಗದಿದ್ದೆ.”

“ಅನ್ಲಿಲ್ಲಲ್ಲ.”

“ಅಂದಿದ್ರ?”

ಮೇಡಂ ಪಕ್ಕದಲ್ಲಿ ಕೂತರು.

ಗೈಡ್ ಏದುಸಿರು ಬಿಡುತ್ತಾ ಓಡಿ ಬಂದು ಪಿಲಾರ್‌ಳನ್ನು ತಮ್ಮ ವ್ಯಾನಿನತ್ತ ಕರೆದುಕೊಂಡು ಹೊರಟ. ಪಟ್ಟಿ ಕಟ್ಟಿದ ಕೈಯಿಂದಲೇ ಆಕೆ ಶೈಲಾಳ ಗಲ್ಲ ಸವರಿ, ಏನೋ ಉದ್ದಕ್ಕೆ ಹೇಳಿದಳು. ಅರ್ಧವೂ ತಿಳಿಯಲಿಲ್ಲ.

“ಇನ್ನೊಮ್ಮೆ, ಸಾವಕಾಶ,” ಎಂದು ಶೈಲಾ ಸ್ಪ್ಯಾನಿಷ್‌ನಲ್ಲಿ ಕೇಳಿದಳು. ಮುದುಕಿ ವ್ಯಾನಿನ ಬಾಗಿಲು ಹಿಡಿದು ನಿಂತು, ಒಂದೊಂದೇ ಶಬ್ದ ಬಿಡಿಸಿ ಮತ್ತೆ ಹೇಳತೊಡಗಿದಳು.