ತಿಮ್ಮವ್ವನ ಮೂಗಿಗೆ ಹಾಕಿದ ಹನಿ

ಬಾಣಂತಿ ಮಂಕಾಗಿ ಕೂತರೆ ನಮ್ಮ ಜನ ಏನೇನು ಮಾಡುತ್ತಾರೆ ಗೊತ್ತೇ? ತಾಯತ ಕಟ್ಟುತ್ತಾರೆ, ಹೊಗೆ ಹಾಕುತ್ತಾರೆ, ಪಕ್ಕದ ಮನೆಯವರ ಕಣ್ಣು ತಾಗಿತೆಂದು ಬೈಯುತ್ತಾರೆ. ಆಸ್ಪತ್ರೆಗೆ ಮಾತ್ರ ಬರುವುದಿಲ್ಲ. ನಾನು ಜವಳಗೇರಾದ ನರ್ಸು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ.

ತಿಮ್ಮವ್ವನ ಕಥೆ ಕೇಳಿ. ಭತ್ತದ ನಾಟಿಯಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದ ಹೆಣ್ಣು ಹೆರಿಗೆಯಾದ ಮೇಲೆ ಗೋಡೆ ನೋಡುತ್ತ ಕೂರತೊಡಗಿದಳು. ಒಲೆಯ ಮೇಲೆ ಅನ್ನ ಇಟ್ಟಿದ್ದು ಮರೆಯುತ್ತಿದ್ದಳು. ಕೂಸು ಅತ್ತರೂ ಹಾಲು ಕೊಡಲು ಏಳುತ್ತಿರಲಿಲ್ಲ. ಕೂಸು ಸೊರಗುತ್ತಿತ್ತು. ನಾನು ಲಸಿಕೆ ಹಾಕಲು ಹೋದಾಗ ಗಂಡ ಕನಕರಾಯ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂಗಿಗೆ ಏನೋ ಹನಿ ಹಾಕುತ್ತಿದ್ದ.

“ಏನಪ್ಪ ಅದು?”

“ಬುದ್ಧಿ ಹನಿ ರೀ ಅಕ್ಕೋರ. ಸಿಂಧನೂರು ಬಸ್‌ಸ್ಟ್ಯಾಂಡಿನಾಗ ಒಬ್ಬಾಂವ ಮೈಕ್ ಹಚ್ಚಿ ಮಾರಾಕತ್ತಿದ್ದ. ಮೂಗಿನಿಂದ ಸೀದಾ ಮಿದುಳಿಗೆ ಹೋಗ್ತೈತಂತ. ಮರೆವೂ ಹೋಗ್ತೈತಿ, ಬ್ಯಾಸರಾನೂ ಹೋಗ್ತೈತಿ.”

“ಅದರಾಗ ಏನೇನೈತಿ?”

“ಅದನ್ನ ಹೆಂಗ ಹೇಳ್ತಾನ್ರಿ? ಅವನ ಗುಟ್ಟು ಅದು.”

“ಗುಟ್ಟು ಅವಂದು, ಮೂಗು ಯಾರದು?” ಅಂದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನೇನು ಸುಮ್ಮನಾಗುವವನಲ್ಲ. “ನೀವ ವಿಚಾರ ಮಾಡ್ರಿ. ಗದ್ದಿಗೆ ಎಣ್ಣಿ ಹೊಡಿಯಾಗ ವಾಸನಿ ಮೂಗಿನಾಗ ಹೊಕ್ಕು ತಲಿ ತಿರುಗ್ತೈತಿಲ್ಲೋ? ಅಂದ್ರ ಮೂಗಿನಿಂದ ತಲಿಗೆ ದಾರಿ ಐತಿ.”

ನಮ್ಮ ಕಡೆ ಹುಳದ ಔಷಧಿಗೆ ಎಣ್ಣೆ ಎನ್ನುತ್ತಾರೆ. ಹುಳ ಸಾಯದಿದ್ದರೆ ಎಣ್ಣೆ ಜಾಸ್ತಿ ಬೆರೆಸುವುದೂ ರೂಢಿ. ಆ ಲೆಕ್ಕದಲ್ಲೇ ಇವನು ಹೆಂಡತಿಯ ಮೂಗಿಗೂ ಹನಿ ಹೆಚ್ಚಿಸುತ್ತ ಬಂದಿದ್ದ.

“ದಾರಿ ಐತಿ ಅಂತ ಕಂಡಕಂಡವರನ್ನ ಮನಿಯೊಳಗ ಬಿಡ್ತೀಯೇನು? ಎಣ್ಣಿ ಉಸಿರಿನಾಗ ಹೋಗಿ ರಕ್ತ ಸೇರೋ ವಿಷ. ಮೂಗಿನಿಂದ ಮಿದುಳಿಗೆ ಔಷಧ ಹೆಂಗ ಮುಟ್ಟಿಸಬೇಕಂತ ದೊಡ್ಡ ದೊಡ್ಡ ವಿಜ್ಞಾನಿಗಳು ಇನ್ನೂ ಹುಡುಕಾಕತ್ತಾರ. ಬಸ್‌ಸ್ಟ್ಯಾಂಡಿನವಗ ಅಷ್ಟ್ರಾಗ ಸಿಕ್ಕಬಿಡ್ತೇನು?”

ಅತ್ತೆ ಮುದುಕಮ್ಮ ಅಡುಗೆಮನೆಯಿಂದ ಬಂದಳು. “ಹಂಗನಬ್ಯಾಡ ಯವ್ವಾ. ಹನಿ ಹಾಕಿದ ಕೂಡ್ಲೇ ಕಣ್ಣಾಗ ದಳದಳ ನೀರು ಬರ್ತಾವ. ಒಳಗಿನ ದುಃಖ ಹೊರಗ ಬರಾಕತ್ತೈತಿ.”

“ಮೆಣಸಿನಕಾಯಿ ತಿಕ್ಕಿದ್ರೂ ಬರ್ತಾವ ಅಮ್ಮಾ.”

ಇವರ ಜೊತೆ ವಾದಿಸುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ ಅನ್ನಿಸಿ ತಿಮ್ಮವ್ವನ ಪಕ್ಕ ಕೂತೆ. ಅವಳ ಮೂಗಿನ ತುದಿಯಲ್ಲಿ ರಕ್ತ ಒಣಗಿತ್ತು.

“ಉರಿಯಂಗಿಲ್ಲೇನವ್ವ?”

“ಉರಿತೈತ್ರಿ.”

“ಮತ್ಯಾಕ ಸುಮ್ನ ಹಾಕಿಸ್ಕೊಳ್ಳಾಕತ್ತೀ?”

ಅವಳು ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದಳು. “ಹನಿ ಹಾಕಾಗಷ್ಟ ಇವರು ನನ್ನ ತಲಿ ಹಿಡೀತಾರ. ಉಳಿದ ಹೊತ್ತು ಯಾರೂ ಹತ್ರ ಬರಂಗಿಲ್ರಿ. ನನಗ ನಿದ್ದಿ ಇಲ್ಲ. ಏನೂ ಬ್ಯಾಡನಸ್ತೈತಿ. ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ.”

ಕನಕರಾಯ ಬಾಟಲಿ ಕೆಳಗಿಟ್ಟ. ಮುದುಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಸಿಟ್ಟು ಅಲ್ಲೇ ಇಳಿದು ಸಂಕಟವಾಯಿತು.

“ಇದು ಸೊಕ್ಕಲ್ಲ, ಗಾಳಿ ಸೋಕಿದ್ದೂ ಅಲ್ಲ,” ಅಂದೆ. “ಬಾಣಂತಿಗೆ ಬರೋ ಮನಸಿನ ಬ್ಯಾನಿ. ಇದಕ್ಕ ಔಷಧ ಐತಿ, ವಾಸಿ ಆಗ್ತೈತಿ. ಇಂಥಾ ಮಾತು ಬಂದ ಮ್ಯಾಲೆ ಒಬ್ಬಾಕಿನ್ನ ಬಿಡಬಾರದು. ಇವತ್ತ ಸಿಂಧನೂರು ದವಾಖಾನಿಗೆ ಹೊಂಡ್ರಿ.”

“ಬಸ್ಸಿಗೆ ಕಾಯೂದ್ಯಾಕ್ರಿ? ಟ್ರ್ಯಾಕ್ಟರ್ ಕೇಳ್ಕೊಂಡ ಬರ್ತೀನಿ,” ಎಂದು ಕನಕರಾಯ ಎದ್ದೇಬಿಟ್ಟ.

ಸಿಂಧನೂರಿನಲ್ಲಿ ಡಾಕ್ಟರು ತಿಮ್ಮವ್ವನ ಜೊತೆ ಸಾವಕಾಶ ಮಾತಾಡಿದರು. ಹಾಲು ಕುಡಿಸುವ ತಾಯಿಗೆ ಆಗುವಂಥ ಗುಳಿಗೆ ಬರೆದರು. ಕೂಸನ್ನು ಮುದುಕಮ್ಮ ಎತ್ತಿಕೊಂಡು ಸೊಸೆಗೆ ನಿದ್ದೆ ಮಾಡಲು ಬಿಡಬೇಕು ಎಂದರು. ಮರುದಿನವೇ ಪವಾಡವೇನೂ ಆಗಲಿಲ್ಲ, ವಾರಗಟ್ಟಲೆ ಹಿಡಿಯಿತು. ಈಗ ಕೂಸು ಅತ್ತರೆ ತಿಮ್ಮವ್ವ ತಾನೇ ಏಳುತ್ತಾಳೆ, ಕೂಸೂ ಮೈ ತುಂಬಿಕೊಂಡಿದೆ. ಗದ್ದೆಯಿಂದ ಬಂದ ಕನಕರಾಯ ಹೆಂಡತಿಯ ಪಕ್ಕ ಸುಮ್ಮನೆ ಕೂರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ದಾರಿಯಲ್ಲಿ ಮಾರುವ ಹನಿಯನ್ನು ಯಾರ ಮೂಗಿಗೂ ಹಾಕಬೇಡಿ, ಕೂಸಿನ ಮೂಗಿಗಂತೂ ಕೊಬ್ಬರಿ ಎಣ್ಣೆಯನ್ನೂ ಬಿಡಬೇಡಿ. ನಾಳೆ ಮೂಗಿನಿಂದ ಮಿದುಳಿಗೆ ಮುಟ್ಟುವ ಔಷಧ ನಿಜವಾಗಿ ಬಂದರೆ ಡಾಕ್ಟರೇ ಬರೆದು ಕೊಡುತ್ತಾರೆ. ಇವತ್ತು ನಿಮ್ಮ ಮನೆಯ ಬಾಣಂತಿಯನ್ನು ಕೇಳಿ: ನಿದ್ದೆ ಬರುತ್ತದೆಯೇ, ಮನಸ್ಸು ಹೇಗಿದೆ? ಆಮೇಲೆ ಅವಳು ಹೇಳಿ ಮುಗಿಸುವ ತನಕ, ನಿಮಗೆ ಕೈ ಮುಗಿಯುತ್ತೇನೆ, ಬಾಯಿ ಮುಚ್ಚಿಕೊಂಡು ಕೇಳಿ.