ಕೃಷ್ಣಾನಂದ ಓದಿದ ನಾಲ್ಕು ಅಕ್ಷರ

ಕೃಷ್ಣಾನಂದನದು ಗುಜರಾತಿನ ಗ್ಯಾಸ್ ಪ್ಲಾಂಟಿನಲ್ಲಿ ಹನ್ನೊಂದು ವರ್ಷದ ನೌಕರಿ. ಒತ್ತಡ ಏರಿದಾಗ ತಾನಾಗಿ ಮುಚ್ಚಿಕೊಳ್ಳಬೇಕಾದ ವಾಲ್ವುಗಳನ್ನು ಪರೀಕ್ಷಿಸುವುದು ಅವನ ಕೆಲಸ. ಅಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು ಎಸ್ಐಎಲ್. ಸೇಫ್ಟಿ ಇಂಟೆಗ್ರಿಟಿ ಲೆವೆಲ್, ಅಂದರೆ ಭದ್ರತೆಯ ಮಟ್ಟ. ಒಂದಕ್ಕಿಂತ ಎರಡು ಮೇಲು, ಎರಡಕ್ಕಿಂತ ಮೂರು.

ಊರಾದ ಅಘನಾಶಿನಿಯಲ್ಲಿ ಹೆಂಡತಿ ರೂಪಾ ಹೊಳೆಗಿಳಿದು ಕೆಸರಿನಿಂದ ಬಳಚಿನ ಚಿಪ್ಪು ಆರಿಸಿ ಮಾರುತ್ತಿದ್ದಳು. ಆಶಾ ಕಾರ್ಯಕರ್ತೆ ಕಮಲಿ ಒತ್ತಾಯ ಮಾಡಿ ಅವಳನ್ನು ಕುಮಟಾದ ತಪಾಸಣಾ ಶಿಬಿರಕ್ಕೆ ಕರೆದೊಯ್ದಳು. ಗರ್ಭಕೋಶದ ಬಾಯಿಯ ಪರೀಕ್ಷೆಯಾಯಿತು. ವಾರದ ಮೇಲೆ ಬಂದ ಚೀಟಿಯ ಫೋಟೋ ತೆಗೆದು ರೂಪಾ ಗಂಡನಿಗೆ ಕಳಿಸಿದಳು. ಚೀಟಿಯಲ್ಲಿ ಇದ್ದದ್ದೇ ಇಷ್ಟು: ಎಚ್ಎಸ್ಐಎಲ್, ಮುಂದಿನ ತಪಾಸಣೆಗೆ ಬರುವುದು.

ಊಟದ ಬಿಡುವಿನಲ್ಲಿದ್ದ ಕೃಷ್ಣಾನಂದ ಅದನ್ನು ನೋಡಿ ನಕ್ಕ. ಡಾಕ್ಟರರೂ ನಮ್ಮ ಲೆಕ್ಕವನ್ನೇ ಹಿಡಿದಿದ್ದಾರಲ್ಲ ಅನ್ನಿಸಿತು. ಕೂಡಲೇ ಫೋನ್ ಮಾಡಿದ.

"ಎಚ್ ಅಂದ್ರೆ ಹೈ. ಭದ್ರತೆ ಚಲೋ ಇದೆ ಅಂತ. ಹೆದರೂಕೆ ಎಂತಾ ಇಲ್ಲ. ತಪಾಸಣೆಗೆ ಪುರಸೊತ್ತಾದಾಗ ಹೋದ್ರೆ ಆತು."

"ಆತು ಹಂಗಾರೆ," ಎಂದು ರೂಪಾ ಬುಟ್ಟಿ ಎತ್ತಿಕೊಂಡು ಹೊಳೆಗೆ ಹೋದಳು.

ಒಂದೂವರೆ ವರ್ಷ ಕಳೆಯಿತು. ರಜೆಯಲ್ಲಿ ಊರಿಗೆ ಬಂದವನಿಗೆ ಹೆಂಡತಿ ಬಿಳಿಚಿಕೊಂಡದ್ದು ಕಂಡಿತು. ಮುಟ್ಟಿನ ದಿನವಲ್ಲದೆಯೂ ರಕ್ತ ಹೋಗುತ್ತದೆಂದು ಕೇಳಿ ಕೇಳಿ ಹೇಳಿಸಬೇಕಾಯಿತು. ಹೊನ್ನಾವರದ ಡಾಕ್ಟರಮ್ಮ ಪರೀಕ್ಷೆ ಮಾಡಿ, ಹಳೆಯ ಚೀಟಿಯನ್ನು ಎರಡು ಸಲ ಓದಿದರು. ಗರ್ಭಕೋಶದ ಬಾಯಿಯ ಮೇಲ್ಪದರದ ಜೀವಕೋಶಗಳು ಕೆಟ್ಟಿದ್ದರೆ ಎಸ್ಐಎಲ್ ಎಂದು ಬರೆಯುತ್ತಾರೆ, ಎಚ್ ಇದ್ದರೆ ಹೆಚ್ಚು ಕೆಟ್ಟಿವೆ ಎಂದು ಅರ್ಥ, ಎಂದರು. ಆಗಲೇ ಬಂದಿದ್ದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತಿತ್ತೇನೋ. ಈಗ ಗಡ್ಡೆಯಾಗಿದೆ.

"ಯಾಕೆ ಬರಲಿಲ್ಲ?" ಎಂದು ಕೇಳಿದರು.

ಕೃಷ್ಣಾನಂದ ಬಾಯಿ ತೆರೆಯುವುದರೊಳಗೆ ರೂಪಾ, ತನಗೇ ಪುರಸೊತ್ತಾಗಲಿಲ್ಲ ಎಂದುಬಿಟ್ಟಳು.

ಬಸ್ಸು ಹೊನ್ನಾವರ ದಾಟಿದ ಮೇಲೆ ಅವನು, ತಪ್ಪು ಓದಿದವನು ನಾನು, ಡಾಕ್ಟರಮ್ಮನೆದುರು ನೀನ್ಯಾಕೆ ಸುಳ್ಳು ಹೇಳಿದೆ, ಎಂದ.

"ಕಮಲಿಯಕ್ಕ ತಪಾಸಣೆಗೆ ಬಾ ಅಂತ ಎರಡು ಸಲ ಮನೆಗೆ ಬಂದಿದ್ರು. ನಮ್ಮನೆಯವರು ನೋಡಿದಾರೆ, ಅವರಿಗೆ ಗೊತ್ತದೆ ಅಂತ ನಾನೇ ವಾಪಸ್ ಕಳಿಸ್ದೆ," ಎಂದು ರೂಪಾ ಕಿಟಕಿಯ ಕಡೆ ತಿರುಗಿದಳು.

ಮಂಗಳೂರಿನಲ್ಲಿ ಐದು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಅವನು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತ. ರಜೆ ಮುಗಿಯಿತು, ಪ್ಲಾಂಟಿಗೆ ಹೋಗಲಿಲ್ಲ. ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ನೋಡೋಣ, ಅಲ್ಲಿವರೆಗೆ ಏನೂ ಹೇಳಲಾಗದು, ನೀರಿಗೆ ಇಳಿಯಬಾರದು, ಎಂದು ಡಾಕ್ಟರು ಮನೆಗೆ ಕಳಿಸಿದರು.

ಒಂದು ಮಧ್ಯಾಹ್ನ ಹೊಳೆನೀರು ಇಳಿತದಲ್ಲಿದ್ದಾಗ ರೂಪಾ ಹೊಳೆದಂಡೆಗೆ ಹೋಗಬೇಕೆಂದಳು. ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಕೊಡೆ ಕೊಟ್ಟು, ಪ್ಯಾಂಟು ಮಡಚಿ ಅವನೇ ಕೆಸರಿಗಿಳಿದ. ಅವಳು ಕೈಮಾಡಿ ತೋರಿಸಿದ ಕಡೆಯೆಲ್ಲ ಬಗೆದ. ತುಂಬಿಸಿ ತಂದ ಬುಟ್ಟಿಯಲ್ಲಿ ಅರ್ಧಕ್ಕರ್ಧ ಬರೀ ಕೆಸರು ತುಂಬಿದ ಸತ್ತ ಚಿಪ್ಪು. ರೂಪಾ ಒಂದೊಂದನ್ನೇ ಹೆಬ್ಬೆರಳಿಂದ ಒತ್ತಿ ನೋಡಿ, ಸತ್ತವನ್ನು ನೀರಿಗೆ ಎಸೆಯತೊಡಗಿದಳು. ಅವನು ಕಟ್ಟೆಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಬದುಕಿದ್ದು ಯಾವುದು ಸತ್ತದ್ದು ಯಾವುದು ಎಂದು ಅವಳು ಹೇಗೆ ಗುರುತಿಸುತ್ತಾಳೆಂದು ನೋಡುತ್ತಿದ್ದ.