ಅಂಗೈಯಲ್ಲಿ ಚಾವಿಯ ಗುರುತು

ಅಂಗೈಯ ಗುರುತು ಮಾಯುತ್ತಿದೆಯಲ್ಲ — ರೋಣದ ಕೋರ್ಟಿನ ಕಿಟಕಿಯ ಬಿಸಿಲಿಗೆ ಕೈಯೊಡ್ಡಿದ ಭುವನೇಶ್ವರಿಗೆ ಒಳಗೊಳಗೇ ಕಳವಳ, ಇದನ್ನು ದಿನಚರಿಯಲ್ಲೂ ಬರೆದಿಲ್ಲ, ನಾಚಿಕೆ, ಮೂರ್ಛೆರೋಗ ವಾಸಿಯಾಗಲಿ ಎಂದು ಬೇಡುವುದು ಬಿಟ್ಟು ಗುರುತು ಉಳಿಯಲಿ ಎಂದು ಯಾರಾದರೂ ಬೇಡುತ್ತಾರೆಯೇ, ಆದರೆ ಅದು ಜೊತೆಗೆ ಕೆಲಸ ಮಾಡುವ ಮಾಲತೇಶ ಒತ್ತಿ ಹಿಡಿದ ಚಾವಿಯ ಹಲ್ಲು ನಟ್ಟ ಗಾಯದ ಕಲೆ, ಅವಳು ಕೆಲಸಕ್ಕಿದ್ದ ಗಜೇಂದ್ರಗಡದ ಸೀರೆ ಅಂಗಡಿಯಲ್ಲಿ ಮೊದಲ ಸಲ ಮೈ ಸೆಟೆದು ಬಿದ್ದಾಗ ಕಬ್ಬಿಣ ಕೊಡ್ರಿ ಕೈಯಾಗ ಎಂದು ಯಾರೋ ಚೀರಿದ್ದಕ್ಕೆ ಅವನು ಸೊಂಟದ ಚಾವಿ ಗೊಂಚಲನ್ನೇ ಬಿಚ್ಚಿ ಅವಳ ಮುಷ್ಟಿಯೊಳಗಿಟ್ಟು, ಕಣ್ಣು ತೆರೆಯುವವರೆಗೂ ತನ್ನ ಕೈಯಿಂದ ಮುಚ್ಚಿ ಹಿಡಿದಿದ್ದ — ಚಾವಿ ಹಿಡದ್ರ ಮೂರ್ಛಿ ಬಿಡೂದಿದ್ರ ಕೀಲಿ ರಿಪೇರಿಯವ ಡಾಕ್ಟರ ಆಗ್ತಿದ್ದ ಬಿಡವಾ ಎಂದು ಆಮೇಲೆ ಇದನ್ನು ಕೇಳಿದ ಅವಳ ವಕೀಲೆ ಅನ್ನಪೂರ್ಣ ನಕ್ಕಿದ್ದರು, ಇವಳೂ ನಕ್ಕಿದ್ದಳು, ಆ ಕೈಯ ಬಿಸಿಯ ಸುದ್ದಿ ಮಾತ್ರ ಹೇಳಲಿಲ್ಲ. ಆ ಮೊದಲ ಮೂರ್ಛೆಗೆ ಮೂರು ತಿಂಗಳ ಮುಂಚೆ, ಸೀರೆಗೆ ಚೀಟಿ ಅಂಟಿಸುತ್ತ ಕೂತವಳ ತಲೆಯ ಮೇಲೆ ಗೋಡೆಯ ರ‍್ಯಾಕು ಕಳಚಿ ಬಿದ್ದದ್ದು, ಬೋಲ್ಟ ಸಡ್ಲ ಆಗ್ಯಾವ್ರಿ ಸಾವಕಾರ್ರ ಎಂದು ಮಾಲತೇಶ ಎರಡು ಸಲ ಹೇಳಿದ್ದ, ನಾಳಿ ನೋಡೂಣಂತ ಎಂದಿದ್ದ ಮಾಲೀಕ ಈಶಪ್ಪ ಈಗ ಪರಿಹಾರ ತಪ್ಪಿಸಿಕೊಳ್ಳಲು ಆಕಿಗೆ ಮೂರ್ಛಿ ಸಣ್ಣಾಕಿದ್ದಾಗಿಂದ ಐತಿ, ರ‍್ಯಾಕಿಗೇನ ಸಂಬಂಧ ಅನ್ನುತ್ತಾನೆ, ಅವನ ಕಡೆಯ ಸಾಕ್ಷಿಯಾಗಿ ಬಾಗಿಲಾಚೆ ಬಾಕಿನ ಮೇಲೆ ಮಾಲತೇಶ, ಸೊಂಟದಲ್ಲಿ ಅದೇ ಗೊಂಚಲು, ತಲೆ ಎತ್ತಲೇ ಇಲ್ಲ, ಇತ್ತ ನೋಡೋ, ಒಂದು ಸಲ — ಹಿಂದಿನಿಂದ ಅವ್ವ ಶಂಕ್ರವ್ವನ ಪಿಸುಮಾತು, ಚಕ್ಕರ ಬರತೈತಿ ಅಷ್ಟ ಅನ್ನು ನನ್ನವ್ವಾ, ಮೂರ್ಛಿ ಅನಬ್ಯಾಡ, ಐತವಾರ ನರೇಗಲ್ಲಿನವರು ನಿನ್ನ ನೋಡಾಕ ಬರ್ತಾರ, ಮುಂಜಾನೆ ಅನ್ನಪೂರ್ಣ ಹೇಳಿದ್ದು ಬೇರೆ, ಚಕ್ಕರ ಬಿಸಲಿಗೂ ಬರತೈತಿ, ಅಷ್ಟಂದ್ರ ಕೇಸ ಮುಗೀತು, ಸಾಯೂತನಕ ಗುಳಗಿ ಖರ್ಚು ನಿನ್ನ ಪಾಲಿಗೆ. ಹೆಸರು ಕೂಗಿದರು, ಕಟಕಟೆಯ ಕಟ್ಟಿಗೆ ತಣ್ಣಗಿದೆ, ನಿನಗಿರೋ ತೊಂದರೆ ಏನಮ್ಮ ಎಂದು ನ್ಯಾಯಾಧೀಶರು ಕೇಳುತ್ತಿದ್ದಾರೆ, ಅವ್ವ ಕೆಮ್ಮುತ್ತಾಳೆ, ಐತವಾರದ ಉಪ್ಪಿಟ್ಟು, ಅವನಲ್ಲದ ಯಾರಿಗೋ ಚಹಾ ನೀಡುವ ಈ ಕೈ, ಬಟ್ಟಲು ಹಿಡಿದಾಗಲೇ ಸೆಟೆದರೆ ಆಗ ಏನನ್ನುತ್ತೀ ಅವ್ವಾ, ಅಂಗೈ ಮಡಿಚುತ್ತಾಳೆ, ಒಳಗೆ ಚಾವಿಯಿಲ್ಲ, ಇದ್ದ ಹಾಗೇ ಅನಿಸುತ್ತದೆ — ರ‍್ಯಾಕ ಬಿದ್ದ ಮ್ಯಾಲ ನನಗ ಮೂರ್ಛಿ ಬರತೈತ್ರಿ, ಮೊದಲ ಇರಲಿಲ್ರಿ — ಅವಳದೇ ದನಿ, ಇಷ್ಟು ದೊಡ್ಡದಿತ್ತೇ, ಅವ್ವನ ಕೆಮ್ಮು ನಿಂತಿದೆ, ಮೈ ಸೆಟೆಯುತ್ತಿದೆ, ಬಾಗಿಲಾಚೆ ಯಾರೋ ಎದ್ದ ಹಾಗೆ, ಸೊಂಟದಿಂದ ಗೊಂಚಲು ಬಿಚ್ಚುತ್ತಿರುವ ಹಾಗೆ, ಚಾವಿಗಳ ಸದ್ದು, ಚಾವಿ, ಚಾವಿಯ ಹಲ್ಲು —